ಚಹಾ ಯಂತ್ರಕ್ಕೆ ನೀರು ತುಂಬುವ ಮುನ್ನ

ಮಕ್ಕಳೇ, ಕಚೇರಿ, ಆಸ್ಪತ್ರೆ, ರೈಲ್ವೆ ನಿಲ್ದಾಣಗಳಲ್ಲಿ ಗುಂಡಿ ಒತ್ತಿದರೆ ಬಿಸಿ ಚಹಾ ಅಥವಾ ಕಾಫಿ ಸುರಿಸುವ ಯಂತ್ರವನ್ನು ನೀವು ನೋಡಿರಬಹುದು. ಅದು ತಾನಾಗಿಯೇ ತುಂಬಿಕೊಳ್ಳುವುದಿಲ್ಲ. ದಿನವೂ ಯಾರಾದರೂ ಅದರ ಬಾಗಿಲು ತೆರೆದು ನೀರು, ಹಾಲಿನ ಪುಡಿ, ಚಹಾ ಪುಡಿ ತುಂಬಬೇಕು. ಅವರ ಕೈ ಒದ್ದೆ. ಎದುರಿಗಿರುವುದು ವಿದ್ಯುತ್ ಯಂತ್ರ. ಇವೆರಡೂ ಸೇರಿದರೆ ಏನಾದೀತು?

ಯಂತ್ರದೊಳಗೆ ನೀರು ಕಾಯಿಸುವ ಹೀಟರ್ ಇರುತ್ತದೆ. ಅದು 2,000 ವ್ಯಾಟ್‌ನದಾದರೆ ಸುಮಾರು 9 ಆಂಪಿಯರ್ ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಅಷ್ಟರಲ್ಲಿ 9 ವ್ಯಾಟ್‌ನ 200ಕ್ಕೂ ಹೆಚ್ಚು ಎಲ್‌ಇಡಿ ಬಲ್ಬುಗಳನ್ನು ಉರಿಸಬಹುದು! ಹೀಟರ್‌ನ ಶಾಖಕ್ಕೆ ತಂತಿಯ ಹೊದಿಕೆ ಕ್ರಮೇಣ ಒಣಗಿ ಬಿರಿಯಬಹುದು. ಬಿರಿದ ಜಾಗದಲ್ಲಿ ಸಜೀವ ತಂತಿಯು ಲೋಹದ ಪೆಟ್ಟಿಗೆಗೆ ತಗುಲಿದರೆ ಇಡೀ ಪೆಟ್ಟಿಗೆಯೇ ಅಪಾಯಕಾರಿ. ಹೊರಗಿನಿಂದ ಏನೂ ತಿಳಿಯದು. ಚಹಾ ಕೂಡ ಎಂದಿನಂತೆಯೇ ಬರುತ್ತಿರಬಹುದು.

ಇಲ್ಲಿ ನೆರವಿಗೆ ಬರುವುದು ಭೂಸಂಪರ್ಕ ತಂತಿ, ಅಂದರೆ ಅರ್ಥ್ ತಂತಿ. ಪೆಟ್ಟಿಗೆಗೆ ಬಂದ ವಿದ್ಯುತ್ತು ಈ ತಂತಿಯ ಸುಲಭ ದಾರಿ ಹಿಡಿದು ನೆಲಕ್ಕೆ ಹರಿಯುತ್ತದೆ, ಫ್ಯೂಸ್ ಹಾರುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆಯ ಮೂರು ಪಿನ್ನಿನ ಪ್ಲಗ್ ಅನ್ನು ಹೊರಗೆ ತೆಗೆದಿಟ್ಟಾಗ ಗಮನಿಸಿ. ಒಂದು ಪಿನ್ ಉದ್ದ, ದಪ್ಪ. ಏಕೆ ಗೊತ್ತೇ? ಪ್ಲಗ್ ಚುಚ್ಚುವಾಗ ಅರ್ಥ್ ಮೊದಲು ಸೇರಲಿ, ಕೀಳುವಾಗ ಕೊನೆಗೆ ಬಿಡಲಿ ಎಂದು ಅದು ಉದ್ದ. ಬೇರೆ ತೂತಿಗೆ ಹೋಗದಿರಲಿ ಎಂದು ದಪ್ಪ. ಸಾಕೆಟ್ ಸರಿಹೊಂದಲಿಲ್ಲವೆಂದು ಈ ಪಿನ್ನನ್ನೇ ಮುರಿದುಹಾಕುವವರಿದ್ದಾರೆ. ಇದಕ್ಕಿಂತ ದಡ್ಡತನ ಬೇರೆ ಇಲ್ಲ.

ಫ್ಯೂಸ್ ಇದೆಯಲ್ಲ, ಮತ್ತೇಕೆ ಭಯ ಎನ್ನುತ್ತೀರಾ? ಒಂದು ಸಣ್ಣ ಲೆಕ್ಕ ಮಾಡೋಣ. ಚರ್ಮ ಒದ್ದೆಯಾದಾಗ ನಮ್ಮ ದೇಹದ ರೋಧ ಸುಮಾರು 1,000 ಓಮ್‌ಗೆ ಇಳಿಯಬಹುದು. 230 ವೋಲ್ಟನ್ನು 1,000ದಿಂದ ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಹತ್ತು ಹದಿನೈದು ಮಿಲಿ ಆಂಪಿಯರ್ ಹರಿದರೇ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲಾಗದು. 230 ಮಿಲಿ ಆಂಪಿಯರ್ ಹೃದಯವನ್ನೇ ನಿಲ್ಲಿಸಬಲ್ಲದು. ಆದರೆ 16 ಆಂಪಿಯರ್‌ನ ಫ್ಯೂಸಿಗೆ ಇದು ಲೆಕ್ಕಕ್ಕೇ ಇಲ್ಲ! ಫ್ಯೂಸ್ ಕಾಯುವುದು ತಂತಿಯನ್ನು, ಮನುಷ್ಯರನ್ನಲ್ಲ.

ಆದ್ದರಿಂದ ತುಂಬುವವರು ಮೊದಲು ಸ್ವಿಚ್ ಆರಿಸಿ, ಒಣಗಿದ ಕೈಯಿಂದ ಪ್ಲಗ್ ಕೀಳಬೇಕು. ವೈರ್ ಹಿಡಿದು ಎಳೆಯಬಾರದು. ಕೆಲವು ಯಂತ್ರಗಳಲ್ಲಿ ಬಾಗಿಲು ತೆರೆದೊಡನೆ ವಿದ್ಯುತ್ ಕಡಿಯುವ ಸ್ವಿಚ್ ಇರುತ್ತದೆ. ಅದನ್ನೇ ನಂಬುವಂತಿಲ್ಲ, ಏಕೆಂದರೆ ಆ ಸ್ವಿಚ್ಚಿನವರೆಗೆ ಬರುವ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ನೆಲದ ಮೇಲೆ ಚೆಲ್ಲಿದ ನೀರನ್ನು ಒರೆಸಿದ ಮೇಲೆಯೇ ಮತ್ತೆ ಪ್ಲಗ್ ಹಾಕಬೇಕು. ಪೆಟ್ಟಿಗೆ ಮುಟ್ಟಿದಾಗ ಜುಮ್ಮೆಂದರೆ ಯಂತ್ರವನ್ನು ನಿಲ್ಲಿಸಿ ರಿಪೇರಿಯವರನ್ನು ಕರೆಯಬೇಕು. ನಿಮ್ಮ ಅಣ್ಣನೋ ಅಮ್ಮನೋ ಇಂಥ ಕೆಲಸಕ್ಕೆ ಹೋಗುತ್ತಿದ್ದರೆ ಇದನ್ನು ಓದಿ ಹೇಳಿ. ಯಾರಿಗಾದರೂ ಶಾಕ್ ಹೊಡೆದು ಯಂತ್ರಕ್ಕೆ ಅಂಟಿಕೊಂಡಿದ್ದರೆ ಅವರನ್ನು ಮುಟ್ಟಬಾರದು. ಮೊದಲು ಮೇನ್ ಸ್ವಿಚ್ ಆರಿಸಬೇಕು, ದೊಡ್ಡವರನ್ನು ಕೂಗಿ ಕರೆಯಬೇಕು.

ಮನುಷ್ಯರನ್ನೇ ಕಾಯುವ ಇನ್ನೊಂದು ಸಾಧನವಿದೆ, ಆರ್‌ಸಿಸಿಬಿ. ಪ್ರವಾಸಕ್ಕೆ ಹೊರಟಾಗ ಮೇಷ್ಟ್ರು ಮಕ್ಕಳನ್ನು ಎಣಿಸುತ್ತಾರೆ, ಮರಳಿದಾಗ ಮತ್ತೆ ಎಣಿಸುತ್ತಾರೆ ಅಲ್ಲವೇ? ಇದೂ ಹಾಗೆಯೇ. ಒಂದು ತಂತಿಯಲ್ಲಿ ಹೋದ ವಿದ್ಯುತ್ತು ಇನ್ನೊಂದರಲ್ಲಿ ಅಷ್ಟೇ ಮರಳಿತೇ ಎಂದು ಸದಾ ಹೋಲಿಸುತ್ತಿರುತ್ತದೆ. 30 ಮಿಲಿ ಆಂಪಿಯರ್ ಕಡಿಮೆಯಾದರೂ ಅದು ಯಾರದೋ ಮೈಮೂಲಕ ಸೋರಿರಬಹುದು ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ನಿಮ್ಮ ಶಾಲೆಯ ಮೇನ್ ಬೋರ್ಡಿನಲ್ಲಿ ಇದು ಇದೆಯೇ ಎಂದು ಶಿಕ್ಷಕರನ್ನು ಕೇಳಿ. ಇದ್ದರೆ ಅದರ ಮೇಲೆ ‘ಟಿ’ ಎಂಬ ಅಕ್ಷರದ ಚಿಕ್ಕ ಗುಂಡಿ ಇರುತ್ತದೆ. ಅದನ್ನು ಶಿಕ್ಷಕರೇ ಒತ್ತಲಿ. ಟಪ್ ಎಂದು ಕರೆಂಟ್ ಹೋದರೆ ಸಾಧನ ಕೆಲಸ ಮಾಡುತ್ತಿದೆ; ಹೋಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ಅಂದೇ ಹೇಳಿಕಳುಹಿಸಬೇಕು.