ಹೋಟೆಲಿನ ಕಟ್ಟಡವೂ ಒಂದು ಉಪಚಾರ

ಚೆನ್ನೈಯ ಕನ್ನಡಿಗರಿಗೆ ಹೋಟೆಲೆಂಬುದು ಹೊಟ್ಟೆಪಾಡಿನ ಉದ್ಯಮವಷ್ಟೇ ಅಲ್ಲ, ಪರಸ್ಥಳದಲ್ಲಿ ಊರವರು ಕಲೆಯುವ ಜಗಲಿಯೂ ಹೌದು. ಆ ಜಗಲಿ ಹೇಗಿರಬೇಕೆಂಬುದನ್ನು ತುಳುನಾಡಿನಿಂದ ಬಂದ ಕೆ. ಕೃಷ್ಣರಾಯರು 1962ರಲ್ಲಿ ತೋರಿಸಿಕೊಟ್ಟರು. ನಮ್ಮ ನುಂಗಂಬಾಕ್ಕಂಗೆ ಸಮೀಪದ ಕೆಥೆಡ್ರಲ್ ರಸ್ತೆಯಲ್ಲಿ ಅವರು ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಮರಗಳ ನೆರಳೇ ಮಾಡು. ಕಾರಿನವರಿಗೆ ಕಿಟಕಿಗೇ ತಟ್ಟೆ ಬರುತ್ತಿತ್ತು. ಕಾರಿಲ್ಲದವರು ಒಳಗೆ ಕುಳಿತು ಒಂದು ಕಾಫಿಯ ಮೇಲೆ ಗಂಟೆಗಟ್ಟಲೆ ಮಾತನಾಡುತ್ತಿದ್ದರು.

ಈ ಲೇಖಕನ ಅನುಭವ ಬೇರೆ. ಹೋಟೆಲು ನಡೆಸುತ್ತಿದ್ದಾಗ ಲಾಭ ಹೆಚ್ಚೀತೆಂದು ಮೇಜುಗಳನ್ನು ಒತ್ತೊತ್ತಾಗಿ ಹಾಕಿಸಿದೆ. ಅಡುಗೆಮನೆಗೆ ಕಿಟಕಿ ಇಡಿಸಲಿಲ್ಲ. ಅಡುಗೆಭಟ್ಟರು ಒಲೆಯ ಝಳಕ್ಕೆ ಬೆಂದರು. ವೃದ್ಧರು ಬರುವುದನ್ನೇ ಬಿಟ್ಟರು. ಕಡೆಗೆ ಎರಡು ಮೇಜುಗಳನ್ನು ತೆಗೆಸಿ, ಗೋಡೆ ಒಡೆಸಿ ಕಿಟಕಿ ಇಡಿಸಿ, ಬಾಗಿಲ ಬಳಿ ಬೆಂಚು ಹಾಕಿಸಿದ ಮೇಲೆ ಹಿರಿಯರು ಮರಳಿದರು. ಬಿಟ್ಟುಹೋಗಲು ನಿಶ್ಚಯಿಸಿದ್ದ ಭಟ್ಟರೂ ಉಳಿದರು.

ಡ್ರೈವ್-ಇನ್ 2008ರಲ್ಲಿ ಮುಚ್ಚಿತು. 2010ರಿಂದ ಅಲ್ಲಿ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ಮರಗಳ ನೆರಳಿದೆ, ನಮ್ಮವರು ಕೂಡುತ್ತಿದ್ದ ಜಗಲಿಯಿಲ್ಲ. ಹೊಸ ಹೋಟೆಲಿಗೆ ನಕ್ಷೆ ಬರೆಸುವ ತರುಣರು ಕುರ್ಚಿಗಳನ್ನು ಎಣಿಸುವ ಮುನ್ನ ಎರಡು ಮಾತು ವಿಚಾರಿಸಲಿ: ಹಿರಿಯರು ಎಲ್ಲಿ ಕೂರುವರು? ಅಡುಗೆಯವರಿಗೆ ಗಾಳಿ ಎಲ್ಲಿಂದ ಬರುವುದು?