ಸಬ್ಬತ್ ದಿನವೂ ನಮ್ಮ ಭಾನುವಾರವೂ



ದೇವರು ಸೃಷ್ಟಿಕಾರ್ಯವನ್ನು ಮುಗಿಸಿ ವಿಶ್ರಮಿಸಿದ್ದು ಏಳನೆಯ ದಿನ. ಅದು ಶನಿವಾರ. ಹಾಗಿರುವಾಗ ನಾವು ಬಲಿಪೂಜೆಗೆ ಸೇರುವುದು ಭಾನುವಾರವೇಕೆ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಧರ್ಮೋಪದೇಶಕ್ಕೆ ಕುಳಿತ ಮಕ್ಕಳೂ ಹಿರಿಯರೂ ನಮ್ಮನ್ನು ಕೇಳುವ ಪ್ರಶ್ನೆ ಇದು. ಯೇಸುವನ್ನು ನಂಬಿಯೂ ಶನಿವಾರವನ್ನೇ ಪಾಲಿಸುವವರಿದ್ದಾರೆ ಎಂದು ತಿಳಿದಾಗ ಈ ಪ್ರಶ್ನೆ ಇನ್ನಷ್ಟು ಕಾಡುತ್ತದೆ.

ಅಂಥವರಲ್ಲಿ ಮೆಸ್ಸಿಯಾನಿಕ್ ವಿಶ್ವಾಸಿಗಳೂ ಸೇರಿದ್ದಾರೆ. ಯೇಸುಸ್ವಾಮಿಯೇ ಬರಬೇಕಾಗಿದ್ದ ಲೋಕೋದ್ಧಾರಕನೆಂದು ಒಪ್ಪಿಕೊಂಡು, ಯೆಹೂದ್ಯರ ಆಚರಣೆಗಳನ್ನೂ ಬಿಡದೆ ನಡೆಸುವವರು ಇವರು. ಇವರ ಸಭೆಗಳು 1960ರ ದಶಕದ ಕೊನೆಯಿಂದ ಅಮೆರಿಕದಲ್ಲಿ ಬೆಳೆದವು, ಇಸ್ರಯೇಲಿನಲ್ಲೂ ಇವೆ. ಶುಕ್ರವಾರ ಹೊತ್ತು ಮುಳುಗುವ ಮುನ್ನ ಮನೆಯೊಡತಿ ದೀಪ ಹಚ್ಚುತ್ತಾಳೆ. ದ್ರಾಕ್ಷಾರಸದ ಬಟ್ಟಲನ್ನೂ ಎರಡು ರೊಟ್ಟಿಗಳನ್ನೂ ಮುಂದಿಟ್ಟುಕೊಂಡು ದೇವರನ್ನು ಸ್ತುತಿಸುತ್ತಾರೆ. ರೊಟ್ಟಿ ಎರಡೇಕೆಂದರೆ, ಮರಳುಗಾಡಿನಲ್ಲಿ ಆರನೆಯ ದಿನ ಮನ್ನಾ ಎರಡು ಪಾಲು ಸಿಕ್ಕಿತ್ತು. ಶನಿವಾರ ಸಭೆ ಸೇರಿ ಧರ್ಮಶಾಸ್ತ್ರ ಓದುತ್ತಾರೆ, ಕತ್ತಲಾದ ಮೇಲೆ ಸಬ್ಬತ್ ಮುಗಿಯುತ್ತದೆ. ಇದನ್ನು ನಾವು ಹಗುರವಾಗಿ ಕಾಣುವಂತಿಲ್ಲ. ಯೇಸುಸ್ವಾಮಿ ಸಹ ವಾಡಿಕೆಯಂತೆ ಸಬ್ಬತ್ ದಿನ ನಜರೇತಿನ ಪ್ರಾರ್ಥನಾಮಂದಿರಕ್ಕೆ ಹೋಗಿ ವಾಚನ ಮಾಡಿದರು (ಲೂಕ 4:16).

ಆದರೆ ಪ್ರಭು ಪುನರುತ್ಥಾನರಾದದ್ದು ಸಬ್ಬತ್ ಕಳೆದ ಮರುದಿನ, ವಾರದ ಮೊದಲನೆಯ ದಿನ. ತ್ರೋವದಲ್ಲಿ ವಿಶ್ವಾಸಿಗಳು ರೊಟ್ಟಿ ಮುರಿಯಲು ಕೂಡಿದ್ದೂ ಅದೇ ದಿನ (ಪ್ರೇಷಿತರ ಕಾರ್ಯಕಲಾಪಗಳು 20:7). ಸಬ್ಬತ್ ನೆರಳು, ನಿಜವಸ್ತು ಕ್ರಿಸ್ತರೇ ಎಂಬುದು ಕೊಲೊಸ್ಸೆಯವರಿಗೆ ಸಂತ ಪೌಲರು ಕೊಟ್ಟ ವಿವರಣೆ. ಚಕ್ರವರ್ತಿ ಕಾನ್‌ಸ್ಟಂಟೈನ್ ದಿನವನ್ನು ಬದಲಾಯಿಸಿಬಿಟ್ಟ ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಅವನ ಆಜ್ಞೆ ಹೊರಟಿದ್ದು 321ರಲ್ಲಿ. ಅದಕ್ಕೂ ಸುಮಾರು ಇನ್ನೂರು ವರ್ಷ ಮೊದಲೇ ಅಂತಿಯೋಕ್ಯದ ಸಂತ ಇಗ್ನಾಸಿಯವರು ಪ್ರಭುವಿನ ದಿನದ ಬಗ್ಗೆ ಬರೆದಿದ್ದರು. ಸುಮಾರು 155ರಲ್ಲಿ ಸಂತ ಜಸ್ಟಿನ್‌ರವರು ಪಟ್ಟಣದವರೂ ಹಳ್ಳಿಯವರೂ ಭಾನುವಾರ ಒಂದೆಡೆ ಸೇರುತ್ತಿದ್ದುದನ್ನು ವಿವರಿಸಿದ್ದಾರೆ.

ಹಾಗಾದರೆ ಸಬ್ಬತ್ತಿನಿಂದ ನಮಗೆ ಉಳಿದದ್ದೇನು? ಉಳಿದದ್ದೇ ಹೆಚ್ಚು. ಮೂರನೆಯ ಕಟ್ಟಳೆ ಪವಿತ್ರ ಬೈಬಲಿನಲ್ಲಿ ಎರಡು ಕಡೆ ಬರುತ್ತದೆ. ವಿಮೋಚನಾಕಾಂಡ 20ರಲ್ಲಿ ದೇವರು ವಿಶ್ರಮಿಸಿದ್ದೇ ಅದಕ್ಕೆ ಕಾರಣ. ಧರ್ಮೋಪದೇಶಕಾಂಡ 5ರಲ್ಲಿ ಕಾರಣವೇ ಬೇರೆ: ನೀವೂ ಈಜಿಪ್ಟಿನಲ್ಲಿ ಗುಲಾಮರಾಗಿದ್ದಿರಿ, ಆದುದರಿಂದ ನಿಮ್ಮ ಆಳೂ ದಾಸಿಯೂ ನಿಮ್ಮಂತೆಯೇ ವಿಶ್ರಮಿಸಲಿ. ಎತ್ತು, ಕತ್ತೆಗಳ ಹೆಸರೂ ಅಲ್ಲಿದೆ. ನಮ್ಮ ಸೀಮೆಯ ಹಿರಿಯ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡಬಾರದು ಎಂದು ಅವರು ಆ ದಿನ ಆರು ಕಟ್ಟುತ್ತಿರಲಿಲ್ಲ. (ಟ್ರ್ಯಾಕ್ಟರಿಗೆ ಸೋಮವಾರವೂ ಇಲ್ಲ, ಭಾನುವಾರವೂ ಇಲ್ಲ, ಅದು ಬೇರೆ ಮಾತು.) ಎತ್ತಿಗೆ ಒಂದು ವಾರ ಬಿಟ್ಟ ಊರುಗಳಲ್ಲೇ ಜೀತದಾಳಿಗೆ ಬಿಡುವಿನ ದಿನ ಇರಲಿಲ್ಲ. ಜೀತವನ್ನು ರದ್ದುಗೊಳಿಸುವ ಕಾಯ್ದೆ 1976ರಲ್ಲಿ ಬಂತು. ಕಾರ್ಖಾನೆಗಳ ಕಥೆಯೂ ಹಾಗೆಯೇ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದೊರೆತದ್ದು ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ, 1890ರಲ್ಲಿ.

ಮಳೆ ಬಂದು ನೆಲ ಹದಕ್ಕೆ ಬಂದ ದಿನ ಭಾನುವಾರವಾದರೆ ಕಡಲೆಕಾಯಿ ಬಿತ್ತುವುದು ಪಾಪವೇ ಎಂದು ಪಾವಗಡದ ಕಡೆಯ ರೈತನೊಬ್ಬ ಕೇಳಿದರೆ ನಾವೇನು ಹೇಳಬೇಕು? ಹದ ಸೋಮವಾರದವರೆಗೆ ಕಾಯುವುದಿಲ್ಲ. ಕಾನ್‌ಸ್ಟಂಟೈನನ ಆಜ್ಞೆಯೂ ಪಟ್ಟಣದವರಿಗೆ ರಜೆ ವಿಧಿಸಿ, ಬಿತ್ತನೆಯ ಸಮಯ ತಪ್ಪಬಾರದೆಂದು ರೈತರನ್ನು ಹೊರಗಿಟ್ಟಿತ್ತು. ಕುಟುಂಬದ ನಿಜವಾದ ಅಗತ್ಯವನ್ನು ಧರ್ಮಸಭೆಯೂ ಒಪ್ಪುತ್ತದೆ. ಹಾಗೆಂದು ಪೂಜೆ ಬಿಡಬೇಕಿಲ್ಲ. ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ನೆರವೇರುತ್ತದೆ. ದಿನವನ್ನು ಹಿಂದಿನ ಸಂಜೆಯಿಂದ ಎಣಿಸುವ ಈ ಪದ್ಧತಿ ನಮಗೆ ಬಂದದ್ದು ಯೆಹೂದ್ಯರಿಂದಲೇ.

ಬಿತ್ತನೆಗಿಂತ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ಬೇರೊಂದು ಸಂಗತಿ. ಮನೆಯವರೆಲ್ಲ ಪೂಜೆ ಮುಗಿಸಿ ಬಂದು ಊಟಮಾಡಿ ಮಲಗುತ್ತಾರೆ. ಅಮ್ಮ ಮಾತ್ರ ಮಸಾಲೆ ಅರೆಯುವುದರಿಂದ ಪಾತ್ರೆ ತೊಳೆಯುವವರೆಗೆ ಸಂಜೆತನಕ ಅಡುಗೆಮನೆಯಲ್ಲೇ ಇರುತ್ತಾಳೆ. ಆಕೆಯ ಪಾಲಿಗೆ ಭಾನುವಾರವೇ ವಾರದ ದೊಡ್ಡ ದುಡಿಮೆ. ಈ ಭಾನುವಾರ ಗಂಡಸರೂ ಮಕ್ಕಳೂ ಪಾತ್ರೆ ತೊಳೆಯಲಿ. ತೋಟದ ಆಳಿಗೆ, ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೆ, ಅವರು ಯಾವ ಧರ್ಮದವರೇ ಆಗಿರಲಿ, ವಾರಕ್ಕೊಂದು ದಿನ ಬಿಡುವು ಕೊಡಿ. ಭಾನುವಾರ ಆಗದಿದ್ದರೆ ಸೋಮವಾರ ಕೊಡಿ, ಆ ದಿನದ ಕೂಲಿ ಹಿಡಿಯಬೇಡಿ.