ಬುಡದ ಪುಟ್ಟ ಅಂಕಿಯ ಮಹಿಮೆ

ರಸಾಯನಶಾಸ್ತ್ರದ ಉತ್ತರಪತ್ರಿಕೆಯಲ್ಲಿ ಅಕ್ಷರ, ಅಂಕಿ ಎಲ್ಲ ಇದ್ದೂ ಅಂಕ ಹೋಗುವುದುಂಟು. ಅಮೋನಿಯಾದ ಅಣುಸೂತ್ರ ಎನ್‌ಎಚ್₃. ಅವಸರದಲ್ಲಿ ಅದನ್ನೇ ಎಚ್‌ಎನ್₃ ಎಂದು ಬರೆದರೆ? ‘ಅಕ್ಷರ ಅದಲುಬದಲಾಗಿದೆ, ಅಷ್ಟೇ ತಾನೆ!’ ಎಂದು ಮಕ್ಕಳು ವಾದಿಸಬಹುದು. ತಂದೆತಾಯಿಗೂ ಹಾಗೇ ಅನ್ನಿಸಬಹುದು. ಆದರೆ ಮೊದಲನೆಯದು ಯೂರಿಯಾ ಗೊಬ್ಬರದ ಮೂಲವಸ್ತು. ಎರಡನೆಯದು ಹೈಡ್ರಜೋಯಿಕ್ ಆಮ್ಲ. ವಿಷವೂ ಹೌದು, ಸಿಡಿಯುವಂಥದ್ದೂ ಹೌದು.

ಎನ್ ಎಂದರೆ ಸಾರಜನಕ, ಎಚ್ ಎಂದರೆ ಜಲಜನಕ. ಅಕ್ಷರದ ಬುಡದಲ್ಲಿರುವ ಅಂಕಿ, ಒಂದು ಅಣುವಿನಲ್ಲಿ ಆ ಧಾತುವಿನ ಪರಮಾಣುಗಳು ಎಷ್ಟಿವೆ ಎಂಬುದನ್ನು ಹೇಳುತ್ತದೆ. ಅಂಕಿ ಇಲ್ಲದಿದ್ದರೆ ಒಂದೇ ಎಂದರ್ಥ. ಅಂದರೆ ಅಮೋನಿಯಾದಲ್ಲಿ ಮೂರು ಇರುವುದು ಜಲಜನಕ. ಆ ಆಮ್ಲದಲ್ಲಿ ಮೂರು ಇರುವುದು ಸಾರಜನಕ. ಆಮ್ಲದ ಸೂತ್ರದಲ್ಲಿ ಜಲಜನಕವನ್ನು ಮೊದಲು ಬರೆಯುವುದು ವಾಡಿಕೆ.

ಅಂಕಿ ಬರುವುದಾದರೂ ಎಲ್ಲಿಂದ? ಸಾರಜನಕಕ್ಕೆ ಮೂರು ಕೈ, ಜಲಜನಕಕ್ಕೆ ಒಂದೇ ಕೈ ಎಂದು ಭಾವಿಸಿ. ಪಠ್ಯಪುಸ್ತಕ ಇದನ್ನೇ ವೇಲೆನ್ಸಿ ಎನ್ನುತ್ತದೆ. ಒಂದು ಸಾರಜನಕ ಮೂರು ಜಲಜನಕಗಳ ಕೈ ಹಿಡಿದರೆ ಅಮೋನಿಯಾ. ಎರಡು ಸಾರಜನಕಗಳು ಪರಸ್ಪರ ಒಂದೊಂದು ಕೈ ಹಿಡಿದುಕೊಂಡರೆ ಉಳಿಯುವುದು ನಾಲ್ಕು ಕೈ. ಅವನ್ನು ನಾಲ್ಕು ಜಲಜನಕಗಳು ಹಿಡಿದರೆ ಹೈಡ್ರಜೀನ್, ಎನ್₂ಎಚ್₄. ಉಪಗ್ರಹಗಳನ್ನು ಕಕ್ಷೆಯಲ್ಲಿ ಅತ್ತಿತ್ತ ಸರಿಸುವ ಪುಟ್ಟ ರಾಕೆಟ್‌ಗಳಿಗೆ ಇದು ಇಂಧನ. ಭಿನ್ನರಾಶಿಯಂತೆ ಎರಡರಿಂದ ಭಾಗಿಸಿ ಇದನ್ನು ಎನ್‌ಎಚ್₂ ಎಂದು ಬರೆದರೆ ಅಣುವಿನೊಳಗಿನ ಲೆಕ್ಕವೇ ತಪ್ಪುತ್ತದೆ.

ಅಂಕಿ ತಪ್ಪಿದವರಲ್ಲಿ ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಕೂಡ ಒಬ್ಬ! ಅಮೋನಿಯಾದಲ್ಲಿ ಒಂದು ಸಾರಜನಕಕ್ಕೆ ಒಂದೇ ಜಲಜನಕ ಎಂದು ಆತ 1808ರ ತನ್ನ ಗ್ರಂಥದಲ್ಲಿ ಎಣಿಸಿದ. ಹೀಗಾಗಿ ಸಾರಜನಕದ ಪರಮಾಣು ತೂಕ ಆತನ ಲೆಕ್ಕದಲ್ಲಿ 5 ಎಂದಾಯಿತು. ನಿಜವಾಗಿ ಅದು 14. ಒಂದು ಪಾಲು ಸಾರಜನಕ ಅನಿಲಕ್ಕೆ ಮೂರು ಪಾಲು ಜಲಜನಕ ಅನಿಲ ಸೇರಿ ಅಮೋನಿಯಾ ಆಗುತ್ತದೆಂದು ಗೇ-ಲುಸಾಕ್ 1809ರಲ್ಲಿ ಪ್ರಕಟಿಸಿದ. ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ ಎಂದು 1811ರಲ್ಲಿ ತರ್ಕಿಸಿದ ಅವೊಗಾಡ್ರೊ, ಅದರಿಂದಲೇ ಡಾಲ್ಟನ್‌ನ ಲೆಕ್ಕವನ್ನು ತಿದ್ದಿದ.

ಸೂತ್ರಗಳನ್ನು ಉರು ಹೊಡೆಯುವ ಮಕ್ಕಳಿಗೆ ತಂದೆತಾಯಿ ಕೇಳಬಹುದಾದ ಪ್ರಶ್ನೆ ಒಂದೇ: ಈ ಮೂರು ಇಲ್ಲಿ ಯಾರ ಲೆಕ್ಕ? ಉತ್ತರ ಬಂದರೆ, ಸೂತ್ರ ಅರ್ಥವಾಗಿದೆ ಎಂದೇ ತಿಳಿಯಬೇಕು.